ಮೆರಿಯಮ್-ವೆಬ್‌ಸ್ಟರ್ ಇಂಗ್ಲಿಷ್ ಡಿಕ್ಷನರಿಲಿ 'ಅಫಿಶಸ್' (officious) ಹುಡುಕಿದ್ರೆ
ಮೆರಿಯಮ್-ವೆಬ್‌ಸ್ಟರ್ ಸೈಟ್ ಫ್ರೀ, ಆಡ್ಸ್ ಬರ್ತವೆ, ಆದ್ರೂ ಪದದ ಹುಟ್ಟು ತಿಳ್ಕೊಳ್ಳೋಕೆ ನಂಗೆ ಇದೇ ಬೆಸ್ಟ್. 'ಅಫಿಶಸ್' ನೋಡಿ, ಆಫಿಶಿಯಲ್‌ನ ತಮ್ಮ ಅನ್ಸುತ್ತೆ ಆದ್ರೆ ಅರ್ಥನೇ ಬೇರೆ, ಯಾರೂ ಕರೀದೆ ಇದ್ರೂ ಬಂದು ಮೂಗು ತೂರ್ಸೋರು, ಕೈಲಿ ಒಂದು ವಿಸಿಲ್ ಸಿಕ್ಕಿದ್ರೆ ಸಾಕು ಪಾರ್ಕಿಂಗಲ್ಲಿ ನಿಂತ್ಕೊಂಡು 'ಇನ್ನೂ ಎರಡಿಂಚು ಹಿಂದೆ ತಗೊಳ್ರೀ' ಅಂತ ದರ್ಬಾರ್ ಮಾಡೋರು ಇರ್ತಾರಲ್ಲ, ಅವ್ರಿಗೆ ಹೇಳೋದು. ಮಜಾ ಏನಂದ್ರೆ ಮೂಲ ಲ್ಯಾಟಿನ್ ಪದಕ್ಕೆ ಕರ್ತವ್ಯ, ಸೇವೆ ಅಂತ ಅರ್ಥ, ಹಿಂದೆ ಇಂಗ್ಲಿಷಲ್ಲೂ ಉಪಕಾರ ಮಾಡೋರನ್ನ ಹೊಗಳೋಕೆ ಬಳಸ್ತಿದ್ರಂತೆ! ಈಗ ಬರೀ ಬೈಗುಳ. ಉಚ್ಚಾರಣೆ ಕೇಳೋಕೆ ಆಡಿಯೋ ಬಟನ್ನೂ ಇದೆ, ಹೇಳೋವಾಗ 'ಫಿ' ಮೇಲೆ ಒತ್ತು ಬೀಳುತ್ತೆ. ಕನ್ನಡ ಅರ್ಥ ಸಿಗಲ್ಲ, ನಾನಂತೂ 'ಅಧಿಕಪ್ರಸಂಗಿ' ಅಂದ್ಕೊಂಡಿದೀನಿ. ಆಫೀಸ್ ಮೇಲಲ್ಲಿ ಮಾತ್ರ ಆಫಿಶಿಯಲ್ ಬದ್ಲು ಇದನ್ನ ಟೈಪ್ ಮಾಡ್ಬೇಡ್ರಪ್ಪ.