ಗದ್ದೆ ಮಟ್ಟ ಮಾಡಲು ಲೇಸರ್ರೋ, ಜಿಪಿಎಸ್ಸೋ?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ತುಂಗಭದ್ರಾ ಕಾಲುವೆ ನೀರಿಗೆ ಭತ್ತ ಹಚ್ಚುವವರಿಗೆ ಲೇಸರ್ ಬೆಳಕಿನ ಅಳತೆಯಲ್ಲಿ ಮಣ್ಣು ಕೆರೆದು ಗದ್ದೆ ಮಟ್ಟ ಮಾಡುವ ಟ್ರ್ಯಾಕ್ಟರ್ ಬಕೆಟ್, ಅಂದರೆ ಲೇಸರ್ ಲೆವೆಲರ್, ಹೊಸದೇನಲ್ಲ. ಅದೇ ಬಕೆಟ್ಟಿಗೆ ಲೇಸರ್ ಬದಲು ಆರ್‌ಟಿಕೆ ಜಿಪಿಎಸ್ಸನ್ನೂ (ಗೊತ್ತಿರುವ ಜಾಗದಲ್ಲಿಟ್ಟ ಬೇಸ್ ಸ್ಟೇಷನ್ ಕಳಿಸುವ ತಿದ್ದುಪಡಿಯಿಂದ ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಜಿಪಿಎಸ್) ಕೂರಿಸಬಹುದು. ಎರಡನ್ನೂ ಒಂದೇ ಗದ್ದೆಯಲ್ಲಿ ಓಡಿಸಿ ನೋಡಿದ ಮೇಲೆ ನಮ್ಮ ತೀರ್ಪು ಇಷ್ಟು: ಐದೆಕರೆಯೊಳಗಿನ ಭತ್ತದ ಮಡಿಗೆ ಲೇಸರ್, ಇಳಿಜಾರು ಕೊಡಬೇಕಾದ ದೊಡ್ಡ ಹೊಲಕ್ಕೆ ಜಿಪಿಎಸ್.

ಬಕೆಟ್, ಹೈಡ್ರಾಲಿಕ್ ವಾಲ್ವ್, ಕಂಟ್ರೋಲ್ ಬಾಕ್ಸ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್ ಇದ್ದರೆ ಎರಡು ಮೀಟರ್ ಅಗಲದ ಬಕೆಟ್ ಎಳೆಯುತ್ತದೆ. ಬೇರೆಯಾಗುವುದು ಬ್ಲೇಡಿಗೆ ‘ಏಳು, ಇಳಿ’ ಎಂದು ಹೇಳುವವರು ಯಾರು ಅನ್ನುವುದರಲ್ಲಿ.

ಲೇಸರಿನಲ್ಲಿ ಬದುವಿನ ಮೇಲೆ ಟ್ರೈಪಾಡ್ ನಿಲ್ಲಿಸಿದ ಟ್ರಾನ್ಸ್‌ಮಿಟರ್ ತಿರುಗುತ್ತಾ ಗದ್ದೆಯ ಮೇಲೆ ಬೆಳಕಿನ ಚಪ್ಪರ ಹಾಸುತ್ತದೆ. ಬಕೆಟ್ಟಿನ ಮೇಲಿನ ಕಂಬಕ್ಕೆ (ಮಾಸ್ಟ್) ಕಟ್ಟಿದ ರಿಸೀವರ್ ಆ ಬೆಳಕು ಹಿಡಿದು ಬ್ಲೇಡನ್ನು ಏರಿಸಿ ಇಳಿಸುತ್ತದೆ. ಒಳ್ಳೆಯ ಟ್ರಾನ್ಸ್‌ಮಿಟರಿನ ತಪ್ಪು 10 ಆರ್ಕ್ ಸೆಕೆಂಡಿನೊಳಗೆ, ಅಂದರೆ 100 ಮೀಟರಿಗೆ 5 ಮಿ.ಮೀ. ಆರ್‌ಟಿಕೆಯಲ್ಲಿ ಅಡ್ಡ ಅಳತೆ 8 ಮಿ.ಮೀ.ವರೆಗೆ ನಿಖರವಿದ್ದರೂ ಎತ್ತರದಲ್ಲಿ ತಯಾರಕರೇ ಕೊಡುವ ಅಂಕಿ ಸಾಮಾನ್ಯವಾಗಿ 15 ಮಿ.ಮೀ., ಜೊತೆಗೆ ಬೇಸ್ ಸ್ಟೇಷನ್ ದೂರದ ಪ್ರತಿ ಕಿಲೋಮೀಟರಿಗೆ 1 ಮಿ.ಮೀ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುತ್ತವೆ, ನೆಲದ ಕೆಳಗಿನಿಂದ ಅಳೆಯಲು ಒಂದೂ ಇಲ್ಲ. ಎತ್ತರ ಸಡಿಲವಾಗುವುದು ಅದಕ್ಕೇ. ಆ 15 ಮಿ.ಮೀ. ಸಹ ಸರಾಸರಿ ಲೆಕ್ಕ, ಆಗಾಗ 3 ಸೆಂ.ಮೀ.ವರೆಗೂ ಜಾರುತ್ತದೆ. ನಾಟಿಯಾದ ಹೊಸದರಲ್ಲಿ ಗದ್ದೆಯಲ್ಲಿ ನಿಲ್ಲಿಸುವ ನೀರೇ 2ರಿಂದ 5 ಸೆಂ.ಮೀ.! ಇನ್ನು ಕೂರಿಗೆಯಲ್ಲಿ ನೇರ ಬಿತ್ತುವವರಿಗಂತೂ 3 ಸೆಂ.ಮೀ. ದಿಣ್ಣೆ ಅಂದರೆ ಕಳೆಗೆ ಬಿಟ್ಟುಕೊಟ್ಟ ಜಾಗ.

ಜಿಪಿಎಸ್ಸಿನ ಎತ್ತರ ಥಟ್ಟನೆ ಕುಣಿಯುವುದಿಲ್ಲ, ಹತ್ತಿಪ್ಪತ್ತು ನಿಮಿಷದಲ್ಲಿ ಮೆಲ್ಲಗೆ ಸರಿಯುತ್ತದೆ. ಹಾಗಾಗಿ ಡ್ರೈವರಿಗೆ ಗೊತ್ತೇ ಆಗದು. ಬೆಳಿಗ್ಗೆ ಎಳೆದ ಪಟ್ಟಿಗೂ ಮಧ್ಯಾಹ್ನ ಎಳೆದ ಪಟ್ಟಿಗೂ ನಡುವೆ ಎರಡು ಬೆರಳಿನ ಮೆಟ್ಟಿಲು ಬಿದ್ದಿರುವುದು ನೀರು ಬಿಟ್ಟ ದಿನವೇ ಕಾಣುವುದು. ಉಪಾಯ ಸರಳ: ಬದುವಿನ ಮೇಲೆ ಒಂದು ಗಟ್ಟಿ ಕಲ್ಲು ಗುರುತಿಟ್ಟುಕೊಂಡು ಗಂಟೆಗೊಮ್ಮೆ ಬ್ಲೇಡನ್ನು ಅದರ ಮೇಲೆ ತಂದು ಓದಿಕೊಳ್ಳಿ. ಹೆಚ್ಚುಕಡಿಮೆ ಬಂದಷ್ಟನ್ನು ಬಾಕ್ಸಿನಲ್ಲಿ ಸರಿಪಡಿಸಿ.

ಜಿಪಿಎಸ್ ಗೆಲ್ಲುವುದು ಸರ್ವೆಯಲ್ಲಿ. ಐದೆಕರೆಯಲ್ಲಿ ಆರು ಮೀಟರಿಗೊಂದು ಸಾಲಿನಂತೆ ಟ್ರ್ಯಾಕ್ಟರ್ ಓಡಿಸಿದರೆ ಮೂರೂವರೆ ಕಿಲೋಮೀಟರ್ ಆಗುತ್ತದೆ; ಗಂಟೆಗೆ 8 ಕಿ.ಮೀ. ವೇಗದಲ್ಲಿ ಅರ್ಧ ಗಂಟೆಯ ಕೆಲಸ. ಎಲ್ಲಿ ಎಷ್ಟು ಕಡಿಯಬೇಕು, ಎಲ್ಲಿ ತುಂಬಬೇಕು ಎನ್ನುವ ಬಣ್ಣದ ನಕ್ಷೆ ಪರದೆ ಮೇಲೆ ಬರುತ್ತದೆ. ಮಣ್ಣು ಅತಿ ಕಡಿಮೆ ಸಾಗಿಸುವ ಇಳಿಜಾರು ಯಾವುದೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಲೇಸರಿನಲ್ಲಿ ಅದೇ ಗದ್ದೆಗೆ 15 ಮೀಟರಿಗೊಂದರಂತೆ ಸುಮಾರು 90 ಕಡೆ ಇಬ್ಬರು ಸ್ಟಾಫ್ (ಅಳತೆಕೋಲು) ಹಿಡಿದು ಓದಬೇಕು, ಕೂಡಿಸಿ ಸರಾಸರಿ ತೆಗೆಯಬೇಕು. ಬೇಸರದ ಕೆಲಸ. ಹಾಗಂತ ನಾಲ್ಕು ಮೂಲೆ, ಒಂದು ನಡು ಓದಿ ‘ಸಾಕು ಬಿಡು’ ಎಂದರೆ ಪೆಟ್ಟು ಬೀಳುವುದು ಡೀಸೆಲ್ಲಿಗೆ. ಒಂದು ಎಕರೆಗೆ 1 ಸೆಂ.ಮೀ. ಅಂದರೆ 40 ಘನ ಮೀಟರ್ ಮಣ್ಣು. ಸರಾಸರಿ ಒಂದು ಸೆಂಟಿಮೀಟರ್ ಕೆಳಗೆ ಹಿಡಿದರೆ ಅಷ್ಟೂ ಮಣ್ಣು ಕೊನೆಗೆ ಎಲ್ಲಿ ಹಾಕುವುದೆಂದು ತಿಳಿಯದೆ ಬಕೆಟ್ಟಿನಲ್ಲೇ ಸುತ್ತುತ್ತಿರುತ್ತದೆ.

ಏರಿಳಿತ ಮಾಸ್ಟಿನ ಉದ್ದಕ್ಕಿಂತ ಜಾಸ್ತಿಯಾದರೆ ಲೇಸರ್ ರಿಸೀವರ್ ಬೆಳಕಿನಿಂದ ಹೊರಗೆ ಬೀಳುತ್ತದೆ. ಟ್ರಾನ್ಸ್‌ಮಿಟರ್ ಕೆಳಗೆ ಮೇಲೆ ಮಾಡುತ್ತಾ ಎರಡು ಹಂತದಲ್ಲಿ ಎಳೆಯಬೇಕು. ಜಿಪಿಎಸ್ಸಿಗೆ ಈ ತಾಪತ್ರಯವಿಲ್ಲ.

ಹವೆಯ ವಿಚಾರದಲ್ಲಿ ಇಬ್ಬರಿಗೂ ಒಂದೊಂದು ಕೆಟ್ಟ ಹೊತ್ತು. ಬೇಸಿಗೆಯ ಮಧ್ಯಾಹ್ನ ಎರೆ ನೆಲದ ಮೇಲೆ ಬಿಸಿಗಾಳಿ ಕುಣಿಯುವಾಗ ಲೇಸರ್ ಕಿರಣ ಬಾಗುತ್ತದೆ. 150 ಮೀಟರ್ ಆಚೆ ಬ್ಲೇಡ್ ಸುಮ್ಮಸುಮ್ಮನೆ ನಡುಗುತ್ತದೆ. ಜೋರು ಗಾಳಿಗೆ ಟ್ರೈಪಾಡೂ ಅಲುಗುತ್ತದೆ. ಬೆಳಗಿನ ಜಾವದಿಂದ ಹನ್ನೊಂದರವರೆಗೆ, ಇಲ್ಲವೇ ರಾತ್ರಿ ಎಳೆದರೆ ಲೇಸರ್ ಎಷ್ಟು ಚೊಕ್ಕ! ಜಿಪಿಎಸ್ಸಿಗೆ ಕೆಟ್ಟದ್ದು ಅದೇ ರಾತ್ರಿ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ, ಸೂರ್ಯ ಮುಳುಗಿದ ಮೇಲೆ ಮೇಲಿನ ವಾತಾವರಣದ ವಿದ್ಯುತ್ ಕಣಗಳ ಪದರ, ಅಯಾನುಗೋಳ, ಕಲಕಿ ಉಪಗ್ರಹದ ಸಿಗ್ನಲ್ ಮಿನುಗುತ್ತದೆ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ರಾತ್ರಿ ಎಂಟರಿಂದ ಹನ್ನೆರಡರವರೆಗೆ ಜಾಸ್ತಿ; 2024ರ ಸುಮಾರಿನಂತೆ ಸೂರ್ಯನ ಚಟುವಟಿಕೆ ತುದಿಗೇರಿದ ವರ್ಷಗಳಲ್ಲಂತೂ ಕೇಳಬೇಡಿ. ಪರದೆ ಮೇಲಿನ ‘ಫಿಕ್ಸ್’ (ಪಕ್ಕಾ ಅಳತೆ) ಹೋಗಿ ‘ಫ್ಲೋಟ್’ (ಅಂದಾಜು ಅಳತೆ) ಬಂದರೆ ಎತ್ತರ ಹತ್ತಾರು ಸೆಂಟಿಮೀಟರ್ ತಪ್ಪಬಹುದು. ಫ್ಲೋಟ್ ಬಂದ ಕ್ಷಣ ಬ್ಲೇಡ್ ತಾನಾಗಿ ಮೇಲೇಳುವಂತೆ ಸೆಟ್ ಮಾಡಿರಬೇಕು.

ಎಡವಟ್ಟಾಗುವ ಕಡೆಗಳೂ ಬೇರೆಬೇರೆ. ಜಿಪಿಎಸ್ಸಿನಲ್ಲಿ ಬೇಸ್ ಇಟ್ಟ ಜಾಗಕ್ಕೆ ಮೊಳೆ ಹೊಡೆದು, ಅದೇ ಮೊಳೆಗೆ ಅದೇ ಅಂಕಿ ಕೊಟ್ಟು, ಆಂಟೆನಾದ ಎತ್ತರವನ್ನೂ ಅಳೆದು ಹಾಕಿ ಮರುದಿನ ಶುರು ಮಾಡಬೇಕು. ‘ಇಲ್ಲೇ’ ಎಂದು ಒತ್ತಿ ಹೊಸದಾಗಿ ಸರಾಸರಿ ತೆಗೆಸಿದರೆ ನಿನ್ನೆಯ ನಕ್ಷೆ ಇವತ್ತು ಮೀಟರುಗಟ್ಟಲೆ ಮೇಲೋ ಕೆಳಗೋ ಹೋಗಿರುತ್ತದೆ. ಸ್ವಂತ ಬೇಸ್ ಬಿಟ್ಟು ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಓಡುವ ಸರ್ಕಾರಿ ಬೇಸ್ ಸ್ಟೇಷನ್ನುಗಳು) ಬಳಸಿದರೆ ಆ ಗೋಜಿಲ್ಲ, ಆದರೆ ಗದ್ದೆಯಲ್ಲಿ ಮೊಬೈಲ್ ನೆಟ್‌ವರ್ಕ್ ಇರಬೇಕು. ಲೇಸರಿನಲ್ಲಿ ಪಕ್ಕದ ಗದ್ದೆಯವರೂ ಟ್ರಾನ್ಸ್‌ಮಿಟರ್ ಹಚ್ಚಿದ್ದರೆ ನಿಮ್ಮ ರಿಸೀವರ್ ಅವರ ಕಿರಣವನ್ನೇ ಹಿಡಿದುಬಿಡುತ್ತದೆ. ಒಬ್ಬರು ಟ್ರೈಪಾಡನ್ನು ಅರ್ಧ ಮೀಟರ್ ಏರಿಸಿ, ಮಾಸ್ಟನ್ನೂ ಅಷ್ಟೇ ಏರಿಸಿಕೊಂಡರೆ ಜಗಳವಿಲ್ಲ. ಕಿರಣ ಟ್ರ್ಯಾಕ್ಟರಿನ ಟಾಪಿಗಿಂತ ಮೇಲೆ ಹಾಯಬೇಕು ಎನ್ನುವುದನ್ನೂ ಮರೆಯಬಾರದು.

ಟ್ರಾನ್ಸ್‌ಮಿಟರ್ ಒಮ್ಮೆ ಜೀಪಿನಿಂದ ಬಿದ್ದರೂ ಸಾಕು, ಪರೀಕ್ಷೆ ಮಾಡಲೇಬೇಕು. 50 ಮೀಟರ್ ದೂರದಲ್ಲಿ ಸ್ಟಾಫ್ ಓದಿ, ಟ್ರಾನ್ಸ್‌ಮಿಟರನ್ನು ಅಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ. ವ್ಯತ್ಯಾಸ 5 ಮಿ.ಮೀ. ದಾಟಿದರೆ ಸರ್ವಿಸಿಗೆ ಕಳಿಸಿ. ಕಾಲು ಭಾಗ ತಿರುಗಿಸಿ ಇನ್ನೊಂದು ದಿಕ್ಕಿಗೂ ಹೀಗೆಯೇ ನೋಡಿ.

ಬ್ಲೇಡ್ ಏಳುತ್ತ ಬೀಳುತ್ತ ನೆಲದ ಮೇಲೆ ಅಲೆ ಬಿಡಿಸಿದರೆ ಲೇಸರನ್ನೋ ಜಿಪಿಎಸ್ಸನ್ನೋ ಬೈಯುವುದು ವ್ಯರ್ಥ, ತಪ್ಪು ಹೈಡ್ರಾಲಿಕ್ಕಿನದು. ವಾಲ್ವಿನ ಹರಿವು ತಗ್ಗಿಸಿ, ಗೇರ್ ಒಂದು ಇಳಿಸಿ. ಎಣ್ಣೆ ಕೊಳಕಾಗಿದ್ದರೆ ವಾಲ್ವ್ ತೆರೆದು ಮುಚ್ಚುವ ಸೊಲೆನಾಯ್ಡ್ ಕಚ್ಚಿಕೊಳ್ಳುತ್ತದೆ, ಮೊದಲು ಫಿಲ್ಟರ್ ನೋಡಿ. ಹೆಂಟೆ ಒಡೆಯದೆ ಬಕೆಟ್ ಇಳಿಸಿದರೂ ಇದೇ ಪಾಡು, ರೋಟಾವೇಟರ್ ಹೊಡೆದ ಒಣ ನೆಲವೇ ಬೇಕು.

ಲೇಸರ್, ಜಿಪಿಎಸ್ ಎರಡನ್ನೂ ಬೆಸೆದ ಟಾಪ್‌ಕಾನ್ ಕಂಪನಿಯ ಎಂಎಂಜಿಪಿಎಸ್‌ನಂಥವು ಹೆದ್ದಾರಿಯ ನೆಲ ಸವರುವ ಗ್ರೇಡರಿಗೆ ಸರಿ, ಗದ್ದೆಯ ಬಾಡಿಗೆಯಲ್ಲಿ ಆ ದುಡ್ಡು ಹುಟ್ಟುವುದಿಲ್ಲ.

ಯಾವುದರಲ್ಲಿ ಎಳೆದರೂ 10 ಸೆಂ.ಮೀ.ಗಿಂತ ಆಳ ಕಡಿದ ಕಡೆ ಮೇಲ್ಮಣ್ಣು ಹೋಗಿ ಗರಸೋ ಚೌಳೋ ಮೇಲೆ ಬರುತ್ತದೆ, ಆ ಪಟ್ಟಿಗೆ ತಿಪ್ಪೆಗೊಬ್ಬರ ದುಪ್ಪಟ್ಟು ಬೇಕು. ತುಂಬಿದ ಕಡೆ ಎರೆ ಮಣ್ಣು ನೀರು ಕುಡಿದ ಮೇಲೆ ಕುಸಿಯುತ್ತದೆ. ಮೊದಲ ಬೆಳೆಯಲ್ಲಿ ನೀರು ಬಿಟ್ಟಾಗ ಎಲ್ಲಿ ದಿಣ್ಣೆ ತೇಲಿತು, ಎಲ್ಲಿ ಗುಂಡಿ ಬಿತ್ತು ಎಂದು ಬದುವಿನ ಮೇಲೆ ಕೋಲು ನೆಟ್ಟು ಗುರುತು ಮಾಡಿಟ್ಟುಕೊಳ್ಳಿ. ಕೊಯ್ಲಾದ ಮೇಲಿನ ಎರಡನೇ ಎಳೆತಕ್ಕೆ ನಕ್ಷೆ ಬೇಕಿಲ್ಲ, ಲೇಸರ್ ಒಂದೇ ಸಾಕು.