ಹರಿದ ಪುಸ್ತಕದ ಕಪಾಟಿಗೇ ಮೊದಲು ಹೋಗಿ: ನಮ್ಮ ಏರಿಯಾದ ಬಾಡಿಗೆ ಲೈಬ್ರರಿ

ಮೈಸೂರಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದ್ರೆ ಒಂದು ಬಾಡಿಗೆ ಲೈಬ್ರರಿ ಸಿಗುತ್ತೆ. ಒಂದು ಪಕ್ಕ ಝೆರಾಕ್ಸ್ ಅಂಗಡಿ, ಇನ್ನೊಂದು ಪಕ್ಕ ಫ್ಲೋರ್ ಮಿಲ್, ಮಧ್ಯದಲ್ಲಿ ಒಂದೇ ಷಟರಿನ ಮಳಿಗೆ. ಹೊರಗಡೆಯಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ನಾನೇ ಎಷ್ಟೋ ವರ್ಷ ಅದರ ಮುಂದೆನೇ ರಾಗಿ ಬೀಸಿಸ್ಕೊಂಡು ಬಂದಿದ್ದೀನಿ, ಒಳಗೆ ಹೋಗಿರಲಿಲ್ಲ. ಮೂರು ವರ್ಷದ ಹಿಂದೆ ಅಮ್ಮಂಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳು ಮಂಚ ಬಿಟ್ಟು ಇಳಿಯೋ ಹಾಗಿರಲಿಲ್ಲ, ಟೀವಿ ಬೇಜಾರಾಗಿ ಕಾದಂಬರಿ ತಂದುಕೊಡು ಅಂದ್ರು, ಅವತ್ತು ಹೋದವಳು ಈಗ ಪ್ರತಿ ಶನಿವಾರ ಹೋಗ್ತೀನಿ. ಇಂಥ ಜಾಗ ಇನ್ನೂ ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಬರೀತಿದ್ದೀನಿ.

ಮೊದಲು ಲೆಕ್ಕಾಚಾರ ಹೇಳಿಬಿಡ್ತೀನಿ. ಡೆಪಾಸಿಟ್ 500 ರೂಪಾಯಿ, ಮೆಂಬರ್‌ಷಿಪ್ ಬಿಡೋವಾಗ ವಾಪಸ್ ಕೊಡ್ತಾರೆ. ಬಾಡಿಗೆ ಪುಸ್ತಕದ ಬೆಲೆಯ 10 ಪರ್ಸೆಂಟ್, 15 ದಿನ ಇಟ್ಕೋಬಹುದು. ಹಳೇ ಪುಸ್ತಕಗಳಲ್ಲಿ ಬೆಲೆ ಅಂತ ಎಂಟು ರೂಪಾಯಿ ಹನ್ನೆರಡು ರೂಪಾಯಿ ಇರುತ್ತಲ್ಲ, ಅಂಥವಕ್ಕೆಲ್ಲ ಒಂದೇ ರೇಟು, ಹತ್ತು ರೂಪಾಯಿ. ಬೆಳಿಗ್ಗೆ ಹತ್ತರಿಂದ ಒಂದು, ಸಂಜೆ ನಾಲ್ಕೂವರೆಯಿಂದ ಎಂಟು, ಸೋಮವಾರ ರಜ. ಗಂಡ ಹೆಂಡತಿ ಇಬ್ಬರೇ ನೋಡ್ಕೋತಾರೆ, ಬೆಳಿಗ್ಗೆ ಅಂಕಲ್ ಇರ್ತಾರೆ, ಸಂಜೆ ಆಂಟಿ. ಸಾಧ್ಯ ಆದ್ರೆ ಸಂಜೆ ಹೋಗಿ.

ಯಾಕೆ ಅಂದ್ರೆ ಪುಸ್ತಕ ಹೊಲಿಯೋರು ಆಂಟಿ. ಕೌಂಟರ್ ಪಕ್ಕದಲ್ಲಿ ಒಂದು ಮರದ ಕಪಾಟಿದೆ, ರಿಪೇರಿಗೆ ಬಂದಿರೋ ಪುಸ್ತಕ ಎಲ್ಲ ಅದರಲ್ಲಿ. ಬೆನ್ನು ಕಿತ್ತು ಬಂದಿರೋದು, ರಟ್ಟು ಹೋಗಿರೋದು, ಹಾಳೆ ಕೈಗೇ ಬರೋ ಅಂಥದ್ದು. ಆಂಟಿ ದಪ್ಪ ಸೂಜಿಗೆ ದಾರ ಪೋಣಿಸ್ಕೊಂಡು ಅದನ್ನ ಹೊಲೀತಾ ಕೂತಿರ್ತಾರೆ, ಮೈದಾ ಗೋಂದು ಅವರೇ ಕಾಯಿಸ್ತಾರೆ, ಹುಳ ಬೀಳಬಾರದು ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕ್ತಾರೆ, ಅದಕ್ಕೇ ಅಲ್ಲಿನ ಹಳೇ ಪುಸ್ತಕ ಬಿಚ್ಚಿದ್ರೆ ಬೆನ್ನಿನ ಹತ್ರ ತಿಳಿ ನೀಲಿ ಗೆರೆ ಕಾಣುತ್ತೆ. ಮೊದಲನೇ ದಿನ ನಾನು ಯಾವ ಪುಸ್ತಕ ತಗೊಳ್ಳೋದು ಅಂತ ಗೊತ್ತಾಗದೆ ನಿಂತಿದ್ದಾಗ ಆಂಟಿ ತಲೆ ಎತ್ತದೇನೇ ಹೇಳಿದ್ರು, "ಆ ಕಡೆ ಹೊಸದು ನೋಡ್ಬೇಡಮ್ಮ, ಇಲ್ಲಿ ಹರಿದಿರೋದು ನೋಡು, ಜನ ಓದಿರೋದು ಇದೇ." ಅದು ಎಷ್ಟು ಸತ್ಯ ಅಂತ ಈಗ ಮೂರು ವರ್ಷ ಆದ್ಮೇಲೆ ಅರ್ಥ ಆಗಿದೆ. ಯಾವ ಲೇಖಕರನ್ನ ಜನ ಪ್ರೀತಿಸ್ತಾರೆ, ಯಾಕೆ ಪ್ರೀತಿಸ್ತಾರೆ ಅಂತ ತಿಳ್ಕೋಬೇಕಾದ್ರೆ ಈ ಕಪಾಟಿನ ಮುಂದೆ ಅರ್ಧ ಗಂಟೆ ನಿಂತ್ರೆ ಸಾಕು.

ಅಲ್ಲಿ ಯಾವಾಗ್ಲೂ ಸಿಗೋದು ತ್ರಿವೇಣಿ. ಅವರ ಶರಪಂಜರ ಈ ಲೈಬ್ರರಿಲಿ ಮೂರು ಕಾಪಿ ಇದೆ, ಮೂರೂ ಕನಿಷ್ಠ ಎರಡೆರಡು ಸಲ ಬೈಂಡ್ ಆಗಿದೆ. ನಾನು ತಂದಿದ್ದ ಕಾಪಿಯಲ್ಲಿ ಹಿಂದುಗಡೆ ಡೇಟ್ ಸ್ಲಿಪ್ ಮೇಲೆ ಸ್ಲಿಪ್ ಅಂಟಿಸಿ ಅಂಟಿಸಿ ರಟ್ಟಿಗಿಂತ ಅದೇ ದಪ್ಪ ಆಗಿತ್ತು. ಒಂದು ಪುಟದಲ್ಲಿ ಅರಿಶಿನದ ಬೆರಳಿನ ಗುರುತು, ಪೂರ್ತಿ ಹೆಬ್ಬೆರಳಿನ ಗೆರೆ ಕಾಣೋ ಹಾಗೆ. ಯಾರೋ ಅಡುಗೆ ಮನೇಲಿ ಒಗ್ಗರಣೆ ಹಾಕ್ತಾ ಹಾಕ್ತಾ ಪುಟ ತಿರುಗಿಸಿದಾರೆ, ಕೆಳಗಿಡೋಕೆ ಆಗಿಲ್ಲ ಅವರಿಗೆ. ಪುಟ್ಟಣ್ಣ ಕಣಗಾಲರ ಸಿನಿಮಾ ಎಪ್ಪತ್ತರ ದಶಕದ ಶುರುವಿನಲ್ಲೇ ಬಂದಿದ್ದು, ಕಲ್ಪನಾ ಕಾವೇರಿಯಾಗಿ ಎಲ್ಲರ ಕಣ್ಣಲ್ಲೂ ಕೂತುಬಿಟ್ಟಿದಾರೆ, ಕಥೆ ಎಲ್ಲರಿಗೂ ಗೊತ್ತು, ಆದ್ರೂ ಪುಸ್ತಕ ಹೋಗ್ತಾನೇ ಇದೆ ಅಂದ್ರೆ ಜನ ಕಥೆಗೆ ಬರ್ತಿಲ್ಲ ಅಂತಾಯ್ತು. ಹೆರಿಗೆ ಆದ್ಮೇಲೆ ಹೆಂಗಸಿಗೆ ಮನಸ್ಸು ಕೆಡಬಹುದು, ಅದು ದೆವ್ವ ಅಲ್ಲ ಶಾಪ ಅಲ್ಲ ಖಾಯಿಲೆ, ಟ್ರೀಟ್‌ಮೆಂಟ್ ಕೊಟ್ರೆ ವಾಸಿ ಆಗುತ್ತೆ, ಆದ್ರೆ ವಾಸಿ ಆಗಿ ಬಂದವಳನ್ನ ಮನೆಯವರು ವಾಸಿ ಆಗೋಕೆ ಬಿಡಲ್ಲ, ಇದನ್ನ ಅರವತ್ತರ ದಶಕದ ಶುರುವಿನಲ್ಲೇ ಒಬ್ಬ ಹೆಂಗಸು ಕನ್ನಡದಲ್ಲಿ ಬರೆದ್ರು ಅಂದ್ರೆ ಸಣ್ಣ ಮಾತಲ್ಲ. ತ್ರಿವೇಣಿ ಸೈಕಾಲಜಿ ಓದಿದವರು, ಆದ್ರೆ ಪುಸ್ತಕದಲ್ಲಿ ಎಲ್ಲೂ ಪಾಠ ಮಾಡಲ್ಲ. ಕಾವೇರಿ ಏನೋ ಒಂದು ಸಾಧಾರಣ ಮಾತಾಡಿದ್ರೂ ಸುತ್ತ ಇದ್ದವರು ಮುಖ ಮುಖ ನೋಡ್ಕೋತಾರಲ್ಲ, ಆ ನೋಟ ಸಾಕು. ಅಮ್ಮ ಇದನ್ನ ಓದಿ ಮುಗಿಸಿದ ರಾತ್ರಿ ನನ್ನ ಕರೆದು ಕೂರಿಸ್ಕೊಂಡು, ಅವರ ಸೋದರತ್ತೆ ಒಬ್ಬರು ಇದ್ರು ಅಂತಾನೂ, ಬಾಣಂತನದಲ್ಲಿ ಹೀಗೇ ಆಯ್ತು ಅಂತಾನೂ, ಅವರನ್ನ ಹಿತ್ತಲ ಕೋಣೇಲೇ ಇಟ್ಟಿದ್ರು ಅಂತಾನೂ ಹೇಳಿದ್ರು. ನನಗೆ 44 ವರ್ಷ, ಅಂಥ ಒಬ್ಬರು ನಮ್ಮ ವಂಶದಲ್ಲಿ ಇದ್ರು ಅಂತ ಅವತ್ತೇ ಗೊತ್ತಾಗಿದ್ದು.

ತ್ರಿವೇಣಿ ಸ್ವತಃ 1963ರಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರ್ಕೊಂಡ್ರು, ಆಗ 35 ಕೂಡ ತುಂಬಿರಲಿಲ್ಲ ಅವರಿಗೆ. ಅಷ್ಟರಲ್ಲೇ ಬೆಳ್ಳಿ ಮೋಡ, ಬೆಕ್ಕಿನ ಕಣ್ಣು, ಹಣ್ಣೆಲೆ ಚಿಗುರಿದಾಗ ಅಂತ ಅಷ್ಟೊಂದು ಬರೆದು ಹೋದ್ರು. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಇದಕ್ಕೆ ಪೂರ್ತಿ ಉಲ್ಟಾ ಎಂ.ಕೆ. ಇಂದಿರಾ. ತೀರ್ಥಹಳ್ಳಿ ಕಡೆಯವರು, ಕಾದಂಬರಿ ಬರೆಯೋಕೆ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ, ಮೊದಲನೇದು ತುಂಗಭದ್ರ, 1963ರಲ್ಲಿ. ಒಬ್ಬರ ಬರವಣಿಗೆ ನಿಂತ ವರ್ಷ ಇನ್ನೊಬ್ಬರದು ಶುರು ಆಗಿದೆ ನೋಡಿ. ಅವರ ಫಣಿಯಮ್ಮ ಓದಿದ್ರೆ ಯಾರೋ ಅಜ್ಜಿ ಅಕ್ಕಿ ಆರಿಸ್ತಾ ಕಥೆ ಹೇಳಿದ ಹಾಗಿರುತ್ತೆ, ಒಂದು ಕಡೆನೂ ದನಿ ಏರಲ್ಲ. ಚಿಕ್ಕ ಹುಡುಗೀಲೇ ಗಂಡನ್ನ ಕಳ್ಕೊಂಡು ತಲೆ ಬೋಳಿಸ್ಕೊಂಡು ಒಂದು ಹೊತ್ತು ಊಟ ಮಾಡ್ಕೊಂಡು ನೂರು ವರ್ಷದ ಮೇಲೆ ಬದುಕಿದವಳು, ಅವಳಿಗೆ ಜಗತ್ತಿನ ಮೇಲೆ ಸಿಟ್ಟು ಬರಬೇಕಿತ್ತು, ಅವಳಿಗೆ ಬರಲ್ಲ, ಓದ್ತಾ ಕೂತಿರೋ ನಮಗೆ ಬರುತ್ತೆ. ತಲೆ ಬೋಳಿಸ್ಕೊಳ್ಳಲ್ಲ ಅಂತ ಹಟ ಹಿಡಿದ ದಾಕ್ಷಾಯಿಣಿ ಪರವಾಗಿ ಅದೇ ಮಡಿ ಹೆಂಗಸು ನಿಲ್ಲೋ ಜಾಗ ಬಂದಾಗ ನಾನು ಬಸ್ಸಲ್ಲಿದ್ದೆ, ಕಣ್ಣೊರೆಸ್ಕೊಳ್ಳೋಕೆ ಕರ್ಚೀಫ್ ಹುಡುಕೋ ಅಷ್ಟರಲ್ಲಿ ನನ್ನ ಸ್ಟಾಪ್ ದಾಟಿಹೋಗಿತ್ತು. ತಮ್ಮ ಸಿಟ್ಟನ್ನ ಪಾತ್ರದ ಬಾಯಲ್ಲಿ ತುರುಕದೇ ಓದೋರಿಗೆ ಬಿಟ್ಟುಕೊಡೋ ಲೇಖಕರು ಕಡಿಮೆ, ಇಂದಿರಾ ಅವರಲ್ಲಿ ಒಬ್ಬರು. ನನಗೆ ಕೇಳಿದ್ರೆ ಎಲ್ಲರಿಗಿಂತ ಇವರೇ ಇಷ್ಟ.

ಇನ್ನು ಭೈರಪ್ಪನವರ ಪುಸ್ತಕ ಹರಿಯೋ ರೀತಿನೇ ಬೇರೆ. ತ್ರಿವೇಣಿ ಪುಸ್ತಕದ ಬೆನ್ನು ಹೋಗಿರುತ್ತೆ, ಭೈರಪ್ಪನವರ ಪುಸ್ತಕದಲ್ಲಿ ಮಾರ್ಜಿನ್ ತುಂಬಿರುತ್ತೆ. ಪೆನ್ಸಿಲಲ್ಲಿ ಒಬ್ಬರು "ಸುಳ್ಳು" ಅಂತ ಬರೆದಿದ್ರೆ ಅದರ ಕೆಳಗೆ ನೀಲಿ ಇಂಕಲ್ಲಿ ಇನ್ನೊಬ್ಬರು "ಇದೇ ನಿಜ" ಅಂತ ಬರೆದಿರ್ತಾರೆ, ಮೂರನೆಯವರು ಇಬ್ಬರಿಗೂ ಉತ್ತರ ಕೊಟ್ಟಿರ್ತಾರೆ. ಆಂಟಿ ಎರೇಸರ್ ಹಿಡಿದು ಅಳಿಸ್ತಾರೆ, ಇಂಕ್ ಹೋಗಲ್ಲ. 2007ರಲ್ಲಿ ಆವರಣ ಬಂದಾಗಂತೂ ಬಿಡುಗಡೆಗೆ ಮುಂಚೆನೇ ಮೊದಲ ಮುದ್ರಣ ಖಾಲಿ ಆಗಿತ್ತು. ಅವರನ್ನ ಒಪ್ಪೋರು ಓದ್ತಾರೆ, ಒಪ್ಪದೇ ಇರೋರು ಅದಕ್ಕಿಂತ ಜಾಸ್ತಿ ಗಮನ ಇಟ್ಟು ಓದ್ತಾರೆ. ಆದ್ರೆ ನನ್ನ ಪ್ರಕಾರ ಅವರು ಮನೆಮನೆಗೆ ಹೋಗಿದ್ದು ವಾದದಿಂದ ಅಲ್ಲ, 1970ರ ಗೃಹಭಂಗದಿಂದ. ಅದರಲ್ಲಿ ವಾದ ಅನ್ನೋದೇ ಇಲ್ಲ. ನಂಜಮ್ಮ ಇದಾಳೆ, ಗಂಡನ ಶಾನುಭೋಗಿಕೆ ಲೆಕ್ಕ ಎಲ್ಲ ತಾನೇ ಕೂತು ಬರೀತಾಳೆ, ಮುತ್ತುಗದೆಲೆ ಹಚ್ಚಿ ಸಂಸಾರ ತೂಗಿಸ್ತಾಳೆ, ಅತ್ತೆ ಗಂಗಮ್ಮ ಬೈತಾ ಇರ್ತಾಳೆ, ಗಂಡ ಚೆನ್ನಿಗರಾಯ ಮಕ್ಕಳು ಹಸ್ಕೊಂಡಿದ್ರೂ ತನ್ನ ಪಾಡಿಗೆ ತಾನು ತಿಂತಾನೆ, ಆಮೇಲೆ ಬರ, ಆಮೇಲೆ ಪ್ಲೇಗು. ಲೇಖಕರು ನಂಜಮ್ಮನ್ನ ಹೊಗಳಲ್ಲ, ಚೆನ್ನಿಗರಾಯನ್ನ ಬೈಯಲ್ಲ, ಸುಮ್ಮನೆ ತೋರಿಸ್ತಾ ಹೋಗ್ತಾರೆ. ಪ್ಲೇಗಿನ ಭಾಗ ಓದೋವಾಗ ನಾನು ಎರಡು ಸಲ ಪುಸ್ತಕ ಮುಚ್ಚಿ ಎದ್ದು ಹೋಗಿ ನೀರು ಕುಡಿದು ಬಂದೆ.

ನಮ್ಮ ಮನೇಲಿ ಈಗಲೂ ಯಾರಾದ್ರೂ ಕೆಲಸ ಮಾಡದೇ ತಟ್ಟೆ ಮುಂದೆ ಬಂದು ಕೂತ್ರೆ ಅಮ್ಮ "ಬಂದ ನೋಡು ಚೆನ್ನಿಗರಾಯ" ಅಂತಾರೆ. ನನ್ನ ತಮ್ಮನ ಮಗ ಆ ಪುಸ್ತಕ ನೋಡೇ ಇಲ್ಲ, ಆದ್ರೂ ಚೆನ್ನಿಗರಾಯ ಅಂದ್ರೆ ಏನು ಅಂತ ಗೊತ್ತು ಅವನಿಗೆ. ಒಂದು ಕಾದಂಬರಿ ಯಾಕೆ ಇಷ್ಟ ಆಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳ್ತೀನಿ. ಭಾಷೆ ಚೆನ್ನಾಗಿದೆ, ಶೈಲಿ ಚೆನ್ನಾಗಿದೆ ಅನ್ನೋದೆಲ್ಲ ಆಮೇಲಿನ ಮಾತು. ಪುಸ್ತಕದಲ್ಲಿರೋ ಮನುಷ್ಯ ಹೊರಗೆ ಬಂದು ನಮ್ಮ ಮನೇಲಿ ನಮ್ಮ ಜೊತೆ ಊಟಕ್ಕೆ ಕೂತ್ಕೊಂಡ ಅಂದ್ರೆ ಆ ಲೇಖಕರನ್ನ ಜನ ಬಿಡಲ್ಲ, ಅವರ ಇನ್ನೊಂದು ಪುಸ್ತಕ ಇದೆಯಾ ಅಂತ ಕೇಳ್ಕೊಂಡು ಬರ್ತಾರೆ.

ತೇಜಸ್ವಿ ವಿಷಯದಲ್ಲಿ ಆಗಿರೋದೂ ಅದೇ. ಕರ್ವಾಲೋ 1980ರ ಪುಸ್ತಕ, ಸಣ್ಣದು, ಎರಡು ದಿನದಲ್ಲಿ ಮುಗಿಯುತ್ತೆ. ಈ ಲೈಬ್ರರಿಗೆ ಕಾಲೇಜ್ ಹುಡುಗರು ಬರೋದು ಬಹುತೇಕ ಇದಕ್ಕೇ. ಮಂದಣ್ಣನ್ನ ಊರೆಲ್ಲ ದಡ್ಡ ಅಂದ್ಕೊಂಡಿರುತ್ತೆ, ವಿಜ್ಞಾನಿ ಕರ್ವಾಲೋಗೆ ಮಾತ್ರ ಅವನ ಕಣ್ಣು ಎಂಥದ್ದು ಅಂತ ಗೊತ್ತಾಗುತ್ತೆ. ಓದೋ ಪ್ರತಿಯೊಬ್ಬ ಹುಡುಗನಿಗೂ ಎಲ್ಲೋ ಒಂದು ಕಡೆ ತಾನೇ ಮಂದಣ್ಣ ಅನ್ಸುತ್ತೆ, ನನ್ನನ್ನೂ ಯಾರಾದ್ರೂ ಹಾಗೆ ಗುರುತಿಸ್ಲಿ ಅನ್ಸುತ್ತೆ. ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ, ಎಲ್ಲ ಕಟ್ಕೊಂಡು ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ, ನಗಿಸ್ತಾ ನಗಿಸ್ತಾನೇ ತೇಜಸ್ವಿ ನಮ್ಮನ್ನ ಕಾಲ, ವಿಕಾಸ ಅನ್ನೋ ದೊಡ್ಡ ದೊಡ್ಡ ವಿಚಾರದ ಅಂಚಿಗೆ ಕರ್ಕೊಂಡು ಹೋಗಿ ನಿಲ್ಲಿಸಿರ್ತಾರೆ, ಯಾವಾಗ ಬಂದ್ವಿ ಅಂತಾನೇ ಗೊತ್ತಾಗಿರಲ್ಲ. ಅವರು 2007ರಲ್ಲೇ ಹೋದ್ರು, ಈ ಹುಡುಗರು ಆಗಿನ್ನೂ ಹುಟ್ಟಿದ್ರೋ ಇಲ್ವೋ. ಆದ್ರೂ ಕೌಂಟರ್ ಹತ್ರ ನಿಂತು ತೇಜಸ್ವಿ ತೇಜಸ್ವಿ ಅಂತ ಪಕ್ಕದ ಮನೆಯವರ ಥರ ಮಾತಾಡ್ತಾರೆ.

ಸಾಯಿಸುತೆ ಕಾದಂಬರಿಗಳಿಗೆ ಒಂದು ಪೂರ್ತಿ ರ‍್ಯಾಕ್ ಇದೆ, ಅದನ್ನ ಹಗುರವಾಗಿ ಮಾತಾಡೋರು ಬೇಕಾದಷ್ಟು ಜನ. ಇಡೀ ದಿನ ಗಾರ್ಮೆಂಟ್ಸಲ್ಲಿ ದುಡಿದು ಬಂದು ಪುಸ್ತಕ ತಗೊಂಡು ಹೋಗೋ ಹೆಂಗಸರನ್ನ ನಾನು ಅಲ್ಲೇ ನೋಡಿದ್ದೀನಿ, ಕೊನೇಲಿ ಎಲ್ಲ ಸರಿಹೋಗುತ್ತೆ ಅನ್ನೋ ಭರವಸೆ ಅವರಿಗೆ ಬೇಕು, ಆ ಲೇಖಕಿ ಅದನ್ನ ಮೋಸ ಇಲ್ಲದೆ ಕೊಡ್ತಾರೆ. ನನಗೆ ಎರಡು ಮೂರು ಓದಿದ ಮೇಲೆ ಒಂದೇ ಥರ ಅನ್ಸ್ತು, ಅದು ನನ್ನ ರುಚಿ ಅಷ್ಟೆ.

ಈಗ ಕೊರತೆ ಹೇಳ್ಬೇಕು. ಹೊಸ ಪುಸ್ತಕ ತುಂಬಾ ಕಡಿಮೆ. ವಿವೇಕ ಶಾನಭಾಗರ ಘಾಚರ್ ಘೋಚರ್, ವಸುಧೇಂದ್ರ ಅವರ ತೇಜೋ ತುಂಗಭದ್ರಾ, ಇಷ್ಟು ಹೆಸರಾಗಿರೋದೂ ಒಂದೊಂದೇ ಕಾಪಿ, ಯಾವಾಗ್ಲೂ ಹೊರಗಡೆನೇ ಇರುತ್ತೆ. ಕೇಳಿದ್ರೆ ಅಂಕಲ್ "ತರಿಸ್ತೀನಿ" ಅಂತಾರೆ, ಆರು ತಿಂಗಳಾಯ್ತು. ಪತ್ತೇದಾರಿ ಸೆಕ್ಷನ್ನಲ್ಲಿ ಪುಟ ಎಣಿಸಿನೇ ತಗೊಳ್ಳಿ, ನನ್ನ ತಮ್ಮ ತಂದ ಒಂದು ಹಳೇ ಕಾದಂಬರಿಯಲ್ಲಿ ಕೊನೇ ನಾಲ್ಕು ಪುಟಾನೇ ಇರಲಿಲ್ಲ, ಕೊಲೆ ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ ನಮಗೆ. ಹೇಳಿದ ತಕ್ಷಣ ಆಂಟಿ ಬಾಡಿಗೆ ವಾಪಸ್ ಕೊಟ್ರು, ಅದು ಅವರ ದೊಡ್ಡತನ, ಆದ್ರೆ ಕೊಡೋ ಮುಂಚೆ ಒಂದು ಸಲ ನೋಡಿ ಕೊಡಬಹುದಿತ್ತು. ಫ್ಲೋರ್ ಮಿಲ್ ಪಕ್ಕ ಆಗಿರೋದ್ರಿಂದ ಮುಂದಿನ ರ‍್ಯಾಕಲ್ಲಿ ಸದಾ ಹಿಟ್ಟಿನ ಧೂಳು, ಅಲರ್ಜಿ ಇರೋರು ಮಾಸ್ಕ್ ಹಾಕ್ಕೊಂಡು ಹೋಗಿ. ಫೋನಲ್ಲಿ ಕೇಳಿ ಪುಸ್ತಕ ಎತ್ತಿಡಿಸೋಣ ಅಂದ್ರೆ ಆಗಲ್ಲ, ಕೌಂಟರಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟಿದಾರೆ, ಬಂದು ಅದರಲ್ಲೇ ಹೆಸರು ಬರೆಸ್ಬೇಕು.

ಆದ್ರೆ ಇನ್ನೊಂದು ವಿಷಯ ಹೇಳದೇ ಇರೋಕಾಗಲ್ಲ. ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆದಾಗ ನಾನು ಪರ್ವ ತಗೊಂಡು ಹೊರಟಿದ್ದೆ, ಆಂಟಿ ಕೈಯಿಂದ ಇಸ್ಕೊಂಡು, "ಅಮ್ಮಂಗೆ ಇದು ಈಗ ಬೇಡ, ಅಕ್ಷರ ಸಣ್ಣ, ಪುಸ್ತಕ ಭಾರ, ಎದೆ ಮೇಲೆ ಇಟ್ಕೊಂಡು ಓದೋಕಾಗಲ್ಲ" ಅಂತ ಹೇಳಿ ದಪ್ಪ ಅಕ್ಷರದ ಬೆಟ್ಟದ ಜೀವ ಹುಡುಕಿ ಕೊಟ್ರು. ಕಾರಂತರ ಆ ಗೋಪಾಲಯ್ಯನ ಜೊತೆ ಅಮ್ಮ ಒಂದು ವಾರ ಕಾಡಲ್ಲೇ ಇದ್ರು ಅನ್ಬೇಕು, ಊಟಕ್ಕೆ ಕರೆದ್ರೂ ಬರ್ತಿರಲಿಲ್ಲ. ಯಾವ ಓದುಗರಿಗೆ ಯಾವಾಗ ಯಾವ ಪುಸ್ತಕ ಅಂತ ಗೊತ್ತಿರೋರು ಕೌಂಟರಲ್ಲಿ ಕೂತಿದ್ರೆ ಧೂಳು ಗೀಳು ಎಲ್ಲ ತಡ್ಕೋಬಹುದು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಕಳೆದಿರೋದು ಆ ನಾಲ್ಕು ಪುಟಕ್ಕೆ.

2025ರ ಸೆಪ್ಟೆಂಬರಲ್ಲಿ ಭೈರಪ್ಪನವರು ತೀರ್ಕೊಂಡ ಮೇಲೆ ಗೃಹಭಂಗಕ್ಕೆ ಕ್ಯೂ ಜಾಸ್ತಿ ಆಗಿದೆ. ಅಮ್ಮಂಗೆ ಮತ್ತೆ ಓದ್ಬೇಕಂತೆ. ಹೋದ ಶನಿವಾರ ಆ ನೋಟ್‌ಬುಕ್ಕಲ್ಲಿ ಹೆಸರು ಬರೆಸಿ ಬಂದಿದ್ದೀನಿ, ನಮ್ಮ ಮುಂದೆ ಇನ್ನೂ ಐದು ಜನ ಇದಾರೆ.