ಭರಮಸಾಗರದ ದಾರಿಯ ಸೇವಂತಿಗೆ ನರ್ಸರಿ: ಮೂರು ವರ್ಷದ ಅನುಭವ

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ಹೆದ್ದಾರಿಯಲ್ಲಿ ಭರಮಸಾಗರ ದಾಟಿದ ಮೇಲೆ ಒಂದು ಮಣ್ಣಿನ ರಸ್ತೆ ಒಳಗೆ ತಿರುಗುತ್ತದೆ. ಆ ರಸ್ತೆಯ ಬದಿಯಲ್ಲಿ, ನೆರಳು ಪರದೆಯ ಕೆಳಗೆ, ಗಂಡ ಹೆಂಡತಿ ಇಬ್ಬರೇ ನಡೆಸುವ ಚಿಕ್ಕದೊಂದು ನರ್ಸರಿ ಇದೆ. ‘ಹೂವಿನ ಸಸಿಗಳು ದೊರೆಯುತ್ತವೆ’ ಎಂಬ ತಗಡಿನ ಫಲಕದ ಹೊರತು ಅದಕ್ಕೆ ಬೇರೆ ಗುರುತಿಲ್ಲ. ಮೂರು ವರ್ಷಗಳಿಂದ ನಾನು ಸೇವಂತಿಗೆ ಸಸಿಗಳನ್ನು ಅಲ್ಲಿಂದಲೇ ತರುತ್ತಿದ್ದೇನೆ. ದಾವಣಗೆರೆಯ ನಮ್ಮ ಮನೆಯಂಗಳದಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಗಿಡಗಳಿವೆ, ಅವುಗಳಲ್ಲಿ ಅರ್ಧದಷ್ಟು ಮೊದಲ ವರ್ಷ ತಂದ ಗಿಡಗಳ ಸಂತಾನ.

ಅದಕ್ಕೂ ಮೊದಲು ಎರಡು ವರ್ಷ ದೀಪಾವಳಿಯ ಹೊತ್ತಿಗೆ ಪೇಟೆಯ ಒಂದು ಅಂಗಡಿಯಲ್ಲಿ ಹೂ ತುಂಬಿದ ಕುಂಡಗಳನ್ನೇ ಕೊಂಡಿದ್ದೆ. ಗೇಣುದ್ದದ ಗಿಡ, ತಲೆಯ ತುಂಬ ಒತ್ತಾದ ಹೂ, ನೋಡಲು ಬಹಳ ಚೆಂದ. ಆದರೆ ಎರಡು ವರ್ಷವೂ ಸಂಕ್ರಾಂತಿ ಬರುವಷ್ಟರಲ್ಲಿ ಕಾಂಡ ಒಣಗಿ, ಬುಡದಲ್ಲಿ ಒಂದೂ ಚಿಗುರಿಲ್ಲದೆ ಗಿಡ ಸತ್ತುಹೋಯಿತು. ಅಂಥ ಕುಂಡದ ಗಿಡಗಳನ್ನು ಕುಳ್ಳಗಿಡಲು ಬೆಳವಣಿಗೆ ತಡೆಯುವ ಔಷಧಿ ಕೊಡುವುದು ಸಾಮಾನ್ಯವೆಂದೂ, ಒಂದೇ ಕುಂಡದಲ್ಲಿ ನಾಲ್ಕೈದು ಕಡ್ಡಿಗಳನ್ನು ಒಟ್ಟಿಗೆ ನೆಟ್ಟು ತುಂಬಿದಂತೆ ಕಾಣಿಸುತ್ತಾರೆಂದೂ ನನಗೆ ಆಮೇಲೆ ತಿಳಿಯಿತು. ಹಬ್ಬದ ನಾಲ್ಕು ದಿನ ಬಾಗಿಲ ಮುಂದೆ ಇಡುವವರಿಗೆ ಅದು ತಪ್ಪಲ್ಲ, ವರ್ಷದಿಂದ ವರ್ಷಕ್ಕೆ ಗಿಡ ಉಳಿಸಿಕೊಳ್ಳಬೇಕೆನ್ನುವವರಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಈ ನರ್ಸರಿಗೆ ಮೊದಲ ಸಲ ಹೋದದ್ದು ಒಂದು ಡಿಸೆಂಬರ್ ತಿಂಗಳಲ್ಲಿ. ಹೂ ಕೊಯ್ದು ಮುಗಿದಿತ್ತು, ತಾಯಿಗಿಡಗಳ ಸಾಲು ಕಂದು ಬಣ್ಣಕ್ಕೆ ತಿರುಗಿ ವಾಲಿಕೊಂಡಿತ್ತು. ಹೂವಿಲ್ಲದ ಹೊತ್ತಿನಲ್ಲಿ ಬಂದೆನಲ್ಲ ಎಂದು ನಾನು ಹಿಂದಿರುಗಲು ನೋಡಿದಾಗ, ಮನೆಯೊಡತಿ ಕಳೆ ಕೀಳುವ ಕುರ್ಪಿ ಹಿಡಿದು ಬಂದು ಒಂದು ಗಿಡದ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿದರು. ಒಣಗಿದ ಕಾಂಡದ ಸುತ್ತ, ಕಿರುಬೆರಳಿನಷ್ಟು ಉದ್ದದ ಎಂಟೊಂಬತ್ತು ಕಂದುಗಳು, ಅಂದರೆ ಬುಡದಿಂದ ಹೊರಡುವ ಮರಿಗಿಡಗಳು, ಮಣ್ಣಿನಿಂದ ತಲೆಯೆತ್ತಿದ್ದವು. ಮಣ್ಣಿನೊಳಗಿನ ಭಾಗ ಬೆಳ್ಳಗೆ, ಮೇಲಿನ ಭಾಗ ಎಳೆಹಸಿರು, ಪ್ರತಿಯೊಂದಕ್ಕೂ ನೂಲಿನಂಥ ಸ್ವಂತ ಬೇರು. ಪಕ್ಕದ ಸಾಲಿನ ಮತ್ತೊಂದು ತಳಿಯ ಬುಡ ಸರಿಸಿದರೆ ಅಲ್ಲಿ ಒಂದೇ ಒಂದು ಸಣಕಲು ಕಂದು. ‘ಹೂ ನೋಡಿ ಸಸಿ ತಗಬ್ಯಾಡ್ರಿ ಸಾರ್, ಬುಡ ನೋಡಿ ತಗಳ್ರಿ’ ಎಂದರು. ಸೇವಂತಿಗೆ ತಳಿಯ ಆಯ್ಕೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಚಳಿ ದೇಶಗಳಲ್ಲಿ ಗಟ್ಟಿ ಸೇವಂತಿಗೆ ಎಂದರೆ ಹಿಮವನ್ನು ತಡೆದುಕೊಂಡು ವಸಂತದಲ್ಲಿ ಮತ್ತೆ ಚಿಗುರುವ ತಳಿ. ನಮ್ಮ ಸೀಮೆಯಲ್ಲಿ ಗಿಡಕ್ಕೆ ಎದುರಾಗುವ ಪರೀಕ್ಷೆಗಳು ಬೇರೆ: ಏಪ್ರಿಲ್ ಮೇ ತಿಂಗಳ ಸುಡುಬಿಸಿಲು ಒಂದು, ಜುಲೈನಲ್ಲಿ ದಿನಗಟ್ಟಲೆ ಹಿಡಿದುಕೊಳ್ಳುವ ಸೋನೆಮಳೆ ಇನ್ನೊಂದು. ಬೇಸಿಗೆಯಲ್ಲಿ ಕಂದುಗಳು ಬೆಂದುಹೋಗುತ್ತವೆ, ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಇವೆರಡನ್ನೂ ದಾಟಿ ಬರುವ ತಳಿಯೇ ಇಲ್ಲಿನ ಅಂಗಳಕ್ಕೆ ಗಟ್ಟಿ ತಳಿ. ಈ ನರ್ಸರಿಯವರು ತಾಯಿಗಿಡಗಳನ್ನು ಹೂವಾದ ಮೇಲೆ ಮೋಟು ಕತ್ತರಿಸಿ, ಬೇಸಿಗೆಯನ್ನು ತಮ್ಮ ಹೊಲದಲ್ಲಿಯೇ ಕಳೆಯಿಸಿ, ಉಳಿದು ಬಂದವುಗಳಿಂದ ಮಾತ್ರ ಕಂದು ಬಿಡಿಸುತ್ತಾರೆ, ತುದಿ ಕಡ್ಡಿ ಕತ್ತರಿಸುತ್ತಾರೆ. ಆದ್ದರಿಂದ ಜೂನ್‌ನಲ್ಲಿ ನಮ್ಮ ಕೈಗೆ ಬರುವ ಸಸಿ ಇದೇ ಬಿಸಿಲಿನಲ್ಲಿ ಒಮ್ಮೆ ಬದುಕಿದ ಗಿಡದ ಮಗು.

ತಳಿಗಳ ವಿಷಯದಲ್ಲಿ ಇವರ ಹತ್ತಿರ ಬಹಳ ವೈವಿಧ್ಯ ಸಿಗುವುದಿಲ್ಲ. ದೊಡ್ಡ ಹೂವಿನ ಬಿಳಿ ಪೂರ್ಣಿಮಾ, ಚಿಕ್ಕ ಹೂವಿನ ಚಾಂದನಿ, ಹಳದಿ ಬಣ್ಣದ ಗುಂಡಿಯಂಥ ಹೂವಿನ ಒಂದು ನಾಟಿ ತಳಿ, ಕುಂಕುಮ ಬಣ್ಣದ್ದೊಂದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ಇಂದಿರಾ, ರವಿಕಿರಣ್, ನೀಲಿಮಾದಂಥ ತಳಿಗಳಾಗಲಿ, ಕುಡಿ ಚಿವುಟುವ ಮತ್ತು ಊರುಗೋಲು ಕೊಡುವ ಅಗತ್ಯವೇ ಇಲ್ಲದಂತೆ ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ರೂಪಿಸಿದ ಕುಳ್ಳ ತಳಿಗಳಾಗಲಿ ಇಲ್ಲಿ ಸಿಗುವುದಿಲ್ಲ. ಅಂಥವು ಬೇಕಾದವರು ಬೇರೆ ಕಡೆ ಹುಡುಕಬೇಕು. ಅಂಗಳಕ್ಕೆ ನಾನು ಮೊದಲು ಹೇಳುವುದು ಚಿಕ್ಕ ಹೂವಿನ ತಳಿಗಳನ್ನೇ. ಪೂರ್ಣಿಮಾದ ಹೂ ಕಣ್ಣು ತುಂಬುತ್ತದೆ, ಆದರೆ ಅಕ್ಟೋಬರ್‌ನ ಒಂದು ಜೋರು ಮಳೆಗೆ ನೀರು ಹೀರಿ ಭಾರವಾಗಿ ನೆಲಕ್ಕೆ ಬಾಗುತ್ತದೆ, ಎಸಳು ಕಂದುತ್ತದೆ. ಗುಂಡಿ ಹೂವಿನ ಹಳದಿ ಗಿಡ ಅದೇ ಮಳೆಯನ್ನು ಕೊಡವಿಕೊಂಡು ಮರುದಿನ ನೆಟ್ಟಗೆ ನಿಂತಿರುತ್ತದೆ.

ಹೂ ಬಿಡುವ ಕಾಲದ ಬಗ್ಗೆ ಇವರು ಕೊಡುವ ಮಾಹಿತಿ ನಂಬಲು ಯೋಗ್ಯವಾದದ್ದು. ಸೇವಂತಿಗೆ ಇರುಳಿನ ಉದ್ದವನ್ನು ಅಳೆಯುವ ಗಿಡ. ಜೂನ್‌ನಲ್ಲಿ ನಮ್ಮಲ್ಲಿ ಹಗಲು ಸುಮಾರು 13 ಗಂಟೆ ಇರುತ್ತದೆ; ಅದು ಕುಗ್ಗಿ ಇರುಳು ಬೆಳೆದಂತೆ ಗಿಡ ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ಹಾಗೆ ತಿರುಗಿದ ಮೇಲೆ ಬೇಗ ಬರುವ ತಳಿಗೆ ಎಂಟು ವಾರ ಸಾಕು, ತಡವಾದ ತಳಿ ಹನ್ನೊಂದು ಹನ್ನೆರಡು ವಾರ ಕಾಯಿಸುತ್ತದೆ. ದಸರಾಕ್ಕೆ ಬೇಕೋ, ದೀಪಾವಳಿಗೆ ಬೇಕೋ, ಎಳ್ಳಮಾವಾಸ್ಯೆಗೆ ಬೇಕೋ ಎಂದು ಅವರು ಮೊದಲೇ ಕೇಳಿ ಅದಕ್ಕೆ ತಕ್ಕ ಸಸಿ ಕೊಡುತ್ತಾರೆ. ಮೊದಲ ವರ್ಷ ನಮ್ಮ ಗೇಟಿನ ಪಕ್ಕದ ನಾಲ್ಕು ಗಿಡಗಳು ಮಾತ್ರ ಡಿಸೆಂಬರ್ ಬಂದರೂ ಮೊಗ್ಗು ಕಟ್ಟದೆ ಸೊಂಪಾಗಿ ಎಲೆಯನ್ನೇ ಬಿಡುತ್ತಿದ್ದವು. ಫೋನ್ ಮಾಡಿ ಹೇಳಿದಾಗ ಆ ಅಕ್ಕ ಕೇಳಿದ ಮೊದಲ ಪ್ರಶ್ನೆ, ರಾತ್ರಿ ಅಲ್ಲಿ ದೀಪ ಉರಿಯುತ್ತದೆಯೇ ಎಂಬುದು. ಬೀದಿದೀಪದ ಬೆಳಕು ನೇರವಾಗಿ ಆ ನಾಲ್ಕು ಗಿಡಗಳ ಮೇಲೆಯೇ ಬೀಳುತ್ತಿತ್ತು. ಕುಂಡಕ್ಕೆ ಎತ್ತಿ ಹಿತ್ತಲಿಗೆ ಸಾಗಿಸಿದ ಮೇಲೆ ಅವೂ ಹೂವಾದವು.

ಸಸಿಯ ಗುಣಮಟ್ಟ ಚೆನ್ನಾಗಿದೆ. ಕಪ್ಪು ಕವರಿನ ಒಂದು ಸಸಿಗೆ ಕಳೆದ ಸಲ 15 ರೂಪಾಯಿ ತೆಗೆದುಕೊಂಡರು. ಕವರು ಬಿಚ್ಚಿದರೆ ಮಣ್ಣಿನ ಮುದ್ದೆ ಒಡೆಯದಂತೆ ಬೇರು ಹೆಣೆದುಕೊಂಡಿರುತ್ತದೆ, ಎಲೆಯ ಅಡಿಯಲ್ಲಿ ಹೇನು ಇರುವುದಿಲ್ಲ, ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಇರುವುದಿಲ್ಲ. ನಮ್ಮದು ಎರೆ ಮಣ್ಣು, ನೀರು ಬೇಗ ಇಂಗುವುದಿಲ್ಲ ಎಂದು ಹೇಳಿದ್ದಕ್ಕೆ, ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿ ಗೇಣೆತ್ತರದ ಮಡಿ ಮಾಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಡಬೇಕೆಂದು ತಿಳಿಸಿದರು. ನೆಟ್ಟ ನಾಲ್ಕು ವಾರಕ್ಕೆ ಒಮ್ಮೆ, ಏಳು ವಾರಕ್ಕೆ ಇನ್ನೊಮ್ಮೆ ಕುಡಿ ಚಿವುಟಲು ಹೇಳಿ, ಆಗಸ್ಟ್ ಕೊನೆಯ ನಂತರ ಕೈ ಹಾಕಬಾರದೆಂದರು. ನೀರನ್ನು ಬುಡಕ್ಕಷ್ಟೇ, ಬೆಳಗಿನ ಹೊತ್ತು ಕೊಡಬೇಕೆಂದರು. ಇದನ್ನು ಪಾಲಿಸಿದ ಮೇಲೆ ಬೇರುಕೊಳೆಗೆ ನಾನು ಕಳೆದುಕೊಂಡದ್ದು ಎರಡೇ ಗಿಡ.

ಕೊರತೆಗಳೂ ಇವೆ. ಕವರುಗಳ ಮೇಲೆ ಹೆಸರಿನ ಚೀಟಿ ಇರುವುದಿಲ್ಲ. ಎರಡನೆಯ ವರ್ಷ ಬಿಳಿಯದೆಂದು ತಂದ ಹತ್ತರಲ್ಲಿ ಮೂರು ಹಳದಿಯಾದವು. ಅಮ್ಮನ ಪೂಜೆಗೆ ಬಿಳಿ ಹೂವೇ ಬೇಕಿತ್ತಾದ್ದರಿಂದ ನನಗೆ ನಿಜವಾಗಿಯೂ ಬೇಸರವಾಯಿತು. ಹೇಳಿದಾಗ ತಕರಾರಿಲ್ಲದೆ ಬಿಳಿಯದರ ಕಂದು ಕೊಟ್ಟರು, ಆದರೆ ಒಂದು ಹಂಗಾಮು ಕಳೆದುಹೋಗಿತ್ತು. ಸಸಿಗಳು ನೆರಳಿನಲ್ಲಿ ಬೆಳೆದವಾದ್ದರಿಂದ ತಂದ ದಿನವೇ ಬಿಸಿಲಿಗಿಟ್ಟರೆ ಬಾಡುತ್ತವೆ. ಒಂದು ವಾರ ಅರೆನೆರಳಿನಲ್ಲಿ ಇಟ್ಟು ಒಗ್ಗಿಸಬೇಕು, ಈ ಮಾತನ್ನು ಅವರು ತಾವಾಗಿ ಹೇಳುವುದಿಲ್ಲ. ಜುಲೈ ಎರಡನೆಯ ವಾರದ ಹೊತ್ತಿಗೆ ಒಳ್ಳೆಯ ಸಸಿಗಳೆಲ್ಲ ಖಾಲಿಯಾಗುತ್ತವೆ, ಆದ್ದರಿಂದ ಮೊದಲ ಮಳೆ ಬಿದ್ದ ಕೂಡಲೇ ಹೋಗುವುದು ಒಳ್ಳೆಯದು.

ಬಣ್ಣ ಕಲೆಸಿಹೋದದ್ದಕ್ಕೆ ಅವರೇ ಒಂದು ಉಪಾಯ ಸೂಚಿಸಿದ್ದಾರೆ. ಹೂ ಇರುವಾಗಲೇ ಬಂದು, ಒಪ್ಪಿಗೆಯಾದ ತಾಯಿಗಿಡಕ್ಕೆ ಗುರುತು ಕಟ್ಟಿ ಹೋದರೆ ಜೂನ್‌ನಲ್ಲಿ ಅದೇ ಗಿಡದ ಕಂದು ತೆಗೆದಿಡುತ್ತಾರೆ. ಕಳೆದ ನವೆಂಬರ್‌ನಲ್ಲಿ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಸಾಲಿನುದ್ದಕ್ಕೂ ನಡೆದು, ಬಗ್ಗಿ ಬುಡ ನೋಡಿ, ಆರು ಬಿಳಿ ಗಿಡಗಳಿಗೆ ಕೆಂಪು ದಾರ ಕಟ್ಟಿ ಬಂದಿದ್ದಾರೆ.